ಕೆಲಸ ಇದ್ದಲ್ಲಿ ಕೌಶಲ ಬೆಳೆಯುತ್ತದೆ

ಕಲಬುರಗಿಯ ಮಾತು ಬಂದಾಗಲೆಲ್ಲ ಎರಡು ಅಂಕಿಗಳು ಮುಂದೆ ಬಂದು ನಿಲ್ಲುತ್ತವೆ. ಒಂದು ತಲಾ ಆದಾಯದ್ದು. 2021-22ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಸುಮಾರು 6.2 ಲಕ್ಷ ರೂಪಾಯಿ ಇದ್ದರೆ, ಕಲಬುರಗಿ ಜಿಲ್ಲೆಯದು ಸುಮಾರು 1.25 ಲಕ್ಷ, ಇಡೀ ರಾಜ್ಯದಲ್ಲೇ ಕಡಿಮೆ ಎಂದು ಸರ್ಕಾರದ ಆರ್ಥಿಕ ಸಮೀಕ್ಷೆಯೇ ಹೇಳಿತು. ಇನ್ನೊಂದು ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನ ಪಡೆದರೆ ಕಲಬುರಗಿ ಶೇ 42.43ರೊಂದಿಗೆ ಕೊನೆಯ ಸ್ಥಾನಕ್ಕೆ ಇಳಿಯಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ಒಂದು ತೀರ್ಮಾನ ತಾನಾಗಿ ಹೊಳೆಯುತ್ತದೆ: ಇಲ್ಲಿಯ ಹುಡುಗರಿಗೆ ಕೌಶಲ ಇಲ್ಲ, ಅದಕ್ಕೇ ಆದಾಯ ಇಲ್ಲ, ಕೌಶಲ ಕೊಟ್ಟರೆ ಆದಾಯ ತಾನೇ ಬರುತ್ತದೆ. ತರಬೇತಿ ಕೇಂದ್ರಗಳು, ಮೂರು ತಿಂಗಳ ಕೋರ್ಸುಗಳು, ವಿಭಾಗ ಮಟ್ಟದ ಉದ್ಯೋಗ ಮೇಳಗಳು ಎಲ್ಲವೂ ಈ ನಂಬಿಕೆಯ ಮೇಲೆ ನಿಂತಿವೆ. ಈ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ ಎಂಬುದು ನನ್ನ ವಾದ. ಕೌಶಲ ಬಹುಮಟ್ಟಿಗೆ ಕೆಲಸದ ಹಿಂದೆ ಬರುತ್ತದೆ. ಕಲಿತದ್ದನ್ನು ಬಳಸುವ ಜಾಗ, ಬಳಸುತ್ತ ಬಳಸುತ್ತ ಮೇಲೇರುವ ಅವಕಾಶ ಊರಿನಲ್ಲಿ ಇಲ್ಲದಿದ್ದರೆ ಎಷ್ಟು ಪ್ರಮಾಣಪತ್ರ ಹಂಚಿದರೂ ಜಿಲ್ಲೆಯ ಆದಾಯ ಏರುವುದಿಲ್ಲ.

ಮೊದಲಿಗೆ ಆ ತಲಾ ಆದಾಯವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಅದು ಮನೆಮನೆಗೆ ಬಂದ ದುಡ್ಡಿನ ಲೆಕ್ಕ ಅಲ್ಲ. ಜಿಲ್ಲೆಯೊಳಗೆ ವರ್ಷವಿಡೀ ಹುಟ್ಟಿದ ಮೌಲ್ಯವನ್ನು ಅಲ್ಲಿನ ಜನರ ತಲೆ ಎಣಿಸಿ ಭಾಗಿಸಿದ್ದು. ಬೆಂಗಳೂರಿನ ಲೆಕ್ಕದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಲಾಭವೂ ಸೇರಿದೆ. ಚಿಂಚೋಳಿಯ ತಾಂಡಾದಿಂದ ಅದೇ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನು ಆ ಸರಾಸರಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಹಾಗೆಂದು ಅಂತರ ಸುಳ್ಳು ಎನ್ನಲು ಬರುವುದಿಲ್ಲ. ಅದು ಹೇಳುವ ವಿಷಯ ಬೇರೆ: ಕಲಬುರಗಿಯೊಳಗೆ ಮೌಲ್ಯ ಹುಟ್ಟಿಸುವ ಕೆಲಸಗಳೇ ವಿರಳ. ದೇಶದಲ್ಲಿ ದುಡಿಯುವವರಲ್ಲಿ 2023-24ರಲ್ಲೂ ಶೇ 46ರಷ್ಟು ಮಂದಿ ಕೃಷಿಯಲ್ಲೇ ಇದ್ದರು. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದು ಭಾಗವೂ ಆಗುವುದಿಲ್ಲ. ಮಳೆಯನ್ನೇ ನೆಚ್ಚಿದ ತೊಗರಿ ನಾಡಿನಲ್ಲಿ ಈ ಏರುಪೇರು ಇನ್ನೂ ಕಟುವಾಗಿ ಕಾಣುತ್ತದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಅವುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಅಲ್ಲಿಂದ ಇಲ್ಲಿಯವರೆಗೆ ವಿಶ್ವವಿದ್ಯಾಲಯಗಳು ಹೆಚ್ಚಿದವು, ಎಂಜಿನಿಯರಿಂಗ್ ಕಾಲೇಜು, ಐಟಿಐಗಳು ಹೆಚ್ಚಿದವು, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. ಆದರೂ 2021-22ರ ತಲಾ ಆದಾಯದ ಪಟ್ಟಿಯಲ್ಲಿ ಜಿಲ್ಲೆ ಕೊನೆಯಲ್ಲೇ ಇತ್ತು. ಕಲಿಕೆಯ ಕೊರತೆಯೊಂದೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಅಲುಗಾಡಬೇಕಿತ್ತು.

ಈ ಊರಿಗೆ ಕೌಶಲ ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಭಾಗದಲ್ಲಿ, ಇಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಶುರುವಾಯಿತು. ನೂಲು ತೆಗೆಯುವವರು, ಮಗ್ಗ ನಡೆಸುವವರು, ಫಿಟ್ಟರು, ಟರ್ನರು, ಬಾಯ್ಲರ್ ನೋಡಿಕೊಳ್ಳುವವರು ಇಲ್ಲೇ ತಯಾರಾದರು. ಯಾವ ತರಬೇತಿ ಯೋಜನೆಯೂ ಅವರನ್ನು ರೂಪಿಸಲಿಲ್ಲ. ಗಿರಣಿಯೇ ರೂಪಿಸಿತು, ಪಕ್ಕದಲ್ಲಿ ನಿಂತ ಹಿರಿಯ ಕೆಲಸಗಾರ ರೂಪಿಸಿದ. 1990ರ ದಶಕದಲ್ಲಿ ಗಿರಣಿ ಮುಚ್ಚಿತು. ಈಗ ಎಂಎಸ್‌ಕೆ ಮಿಲ್ ಎಂಬ ಅದರ ಹೆಸರು ಜನರ ಬಾಯಲ್ಲಿ ಒಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಗಿರಣಿಯ ಜತೆಗೆ ಆ ಕೈಚಳಕವೂ ಒಂದೇ ತಲೆಮಾರಿನಲ್ಲಿ ಊರು ಬಿಟ್ಟಿತು. ಮೂರು ದಶಕಗಳ ನಂತರ, 2023ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರ ದೇಶದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದನ್ನು ಕಲಬುರಗಿಗೆ ಕೊಟ್ಟಾಗ, ಸಾವಿರ ಎಕರೆ ಜಾಗ ಸಿಕ್ಕಿತು. ಜವಳಿ ಬಲ್ಲ ಕೈಗಳನ್ನು ಮಾತ್ರ ಮತ್ತೆ ಮೊದಲಿನಿಂದ ತಯಾರು ಮಾಡಬೇಕಾಗಿದೆ.

ಇದ್ದ ಉದ್ಯಮದ ಒಳಗೂ ಏನಾಗುತ್ತಿದೆ ಎಂಬುದಕ್ಕೆ ದಾಲ್ ಮಿಲ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಹಳೆಯ ಪದ್ಧತಿಯಲ್ಲಿ ತೊಗರಿಯನ್ನು ಸ್ವಚ್ಛ ಮಾಡಿ, ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ, ನೀರು ಹಚ್ಚಿ, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸಿ, ಮತ್ತೆ ಯಂತ್ರಕ್ಕೆ ಹಾಕಿ ಬೇಳೆ ಒಡೆಯುತ್ತಾರೆ. ಕಾಳು ಹರವುವುದು, ತಿರುವಿ ಹಾಕುವುದು, ಕೊನೆಗೆ ಸಾಲಾಗಿ ಕುಳಿತು ಕಲ್ಲು, ಕರಿಕಾಳು ಆರಿಸುವುದು ಹೆಣ್ಣುಮಕ್ಕಳ ಕೆಲಸ. ಚೀಲ ಹೊರುವುದು ಹಮಾಲರ ಕೆಲಸ. ಈಗ ಡ್ರೈಯರ್ ಬಂದಿದೆ, ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಬಂದಿದೆ. ಕ್ಯಾಮೆರಾ ಕೆಟ್ಟ ಕಾಳನ್ನು ಗುರುತಿಸುತ್ತದೆ, ಗಾಳಿಯ ಒಂದು ಹೊಡೆತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆರಿಸುವ ಕೈಗಳು ಬೇಡವಾದವು. ಚೀಲ ಹೊರುವವರು ಉಳಿದರು, ಏಕೆಂದರೆ ಆ ಬೆನ್ನು ಯಂತ್ರಕ್ಕಿಂತ ಅಗ್ಗ. ಮೇಲ್ತುದಿಯಲ್ಲಿ ಯಂತ್ರದ ಸೆಟ್ಟಿಂಗ್ ಬಲ್ಲ ಒಬ್ಬಿಬ್ಬರು ಬೇಕಾದರು. ಯಂತ್ರ ಕೆಟ್ಟರೆ ಅದನ್ನು ಮಾಡಿದ ಕಂಪನಿಗೇ ಫೋನ್ ಮಾಡಬೇಕು. ಅಮೆರಿಕದ ಕಚೇರಿ, ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 2003ರಿಂದ ತೋರಿಸುತ್ತ ಬಂದದ್ದು ಇದನ್ನೇ: ಒಂದೇ ರೀತಿ ಮತ್ತೆ ಮತ್ತೆ ಮಾಡುವ ನಡುವಿನ ಹಂತದ ಕೆಲಸಗಳನ್ನು ಯಂತ್ರ ನುಂಗುತ್ತದೆ, ಮೇಲಿನ ಕೆಲವು ಕೆಲಸಗಳು ಹೆಚ್ಚು ಬೆಲೆ ಪಡೆಯುತ್ತವೆ, ಕೆಳಗಿನವು ಅಗ್ಗವಾಗಿಯೇ ಉಳಿಯುತ್ತವೆ. ಅಮೆರಿಕದ ಡೆಟ್ರಾಯಿಟ್ ಮತ್ತು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆ ಈ ವಿಷಯದಲ್ಲಿ ನಾವಂದುಕೊಂಡಷ್ಟು ದೂರ ಇಲ್ಲ. ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ಮೇಲ್ತುದಿಯ ಕೆಲಸ ಅದೇ ದೇಶದ ಇನ್ನೊಂದು ಊರಿನಲ್ಲಿ ಹುಟ್ಟಿತು, ದುಡಿಯುವ ಕುಟುಂಬದ ಮಗ ಓದಿ ಅಲ್ಲಿಗೆ ಹೋಗುವ ದಾರಿ ಸಂಕುಚಿತವಾದರೂ ಇತ್ತು. ಇಲ್ಲಿ ಕಾಳು ಆರಿಸುತ್ತಿದ್ದ ತಾಯಿಯ ಮಗಳಿಗೆ ಸಾರ್ಟೆಕ್ಸ್ ಕಂಪನಿಯ ಸೇವಾ ಎಂಜಿನಿಯರ್ ಆಗುವ ದಾರಿಯನ್ನು ಯಾರೂ ಹಾಕಿಲ್ಲ.

ತರಬೇತಿಯೊಂದೇ ಮದ್ದು ಎನ್ನುವವರು ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಅವರನ್ನು ನೆನೆಯುತ್ತಾರೆ. ತಂತ್ರಜ್ಞಾನ ಓಡುವ ವೇಗಕ್ಕೆ ಶಿಕ್ಷಣ ಸರಿಗಟ್ಟಿದರೆ ಅಸಮಾನತೆ ತಗ್ಗುತ್ತದೆ, ಹಿಂದೆ ಬಿದ್ದರೆ ಹೆಚ್ಚುತ್ತದೆ ಎಂಬುದು 2008ರ ಅವರ ಪುಸ್ತಕದ ತಿರುಳು. 20ನೇ ಶತಮಾನದ ಅಮೆರಿಕಕ್ಕೆ ಅದು ಒಪ್ಪುವ ಮಾತು. ಅಲ್ಲಿ ಹೈಸ್ಕೂಲು ಮುಗಿಸಿದವನನ್ನು ಕಾಯುತ್ತ ಕಾರ್ಖಾನೆ, ಬ್ಯಾಂಕು, ರೈಲ್ವೆ ನಿಂತಿದ್ದವು. ಭಾರತದ ಚಿತ್ರ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿ ಪ್ರಕಾರ 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಓದದವರಿಗೆ ಒಳ್ಳೆಯ ಕೆಲಸ ಸಿಕ್ಕಿದೆ ಎಂದು ಇದರರ್ಥವಲ್ಲ. ಸಿಕ್ಕಿದ್ದನ್ನು ಮಾಡದೆ ಅವರಿಗೆ ಗತಿಯಿಲ್ಲ. ಓದಿದವರು ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಿದ್ದಾರೆ, ಅಂಥ ಕೆಲಸ ಸಾಕಷ್ಟಿಲ್ಲ. ಯುವನಿಧಿಯ ಮೂಲಕ ರಾಜ್ಯ ಸರ್ಕಾರ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತಿದೆ. ಕೊರತೆ ಯಾವ ಬದಿಯಲ್ಲಿದೆ ಎಂಬುದನ್ನು ಸರ್ಕಾರದ ಯೋಜನೆಯೇ ಒಪ್ಪಿಕೊಂಡ ಹಾಗಾಯಿತು.

ಕಾಯುವಿಕೆ ಎಷ್ಟು ಉದ್ದ ಎಂಬುದು ಕಲಬುರಗಿಯ ಕೋಚಿಂಗ್ ಸೆಂಟರ್‌ಗಳಲ್ಲಿ, ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು ಕೊಡುವ ಓದುವ ಕೋಣೆಗಳಲ್ಲಿ ಕಾಣುತ್ತದೆ. 2021ರ ಅಕ್ಟೋಬರ್‌ನಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 54 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಲ್ಲಿ ಸುಳಿವು ಸಿಕ್ಕ ಅಕ್ರಮ ರಾಜ್ಯವನ್ನೇ ಅಲುಗಾಡಿಸಿತು. 2022ರಲ್ಲಿ ಮರುಪರೀಕ್ಷೆ ಘೋಷಣೆಯಾಯಿತು, ಅದು ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಗಳು ಹಾಗೆಯೇ ಹೋದವು. ಆ ಅಕ್ರಮವನ್ನು ನೈತಿಕ ಅಧಃಪತನ ಎಂದಷ್ಟೇ ಓದಿದರೆ ಸಾಲದು. ಒಂದು ಸರ್ಕಾರಿ ಹುದ್ದೆಗೂ ಊರಿನಲ್ಲಿ ಸಿಗುವ ಉಳಿದ ಕೆಲಸಗಳಿಗೂ ನಡುವೆ ಅಷ್ಟು ದೊಡ್ಡ ಕಂದಕ ಇದ್ದಾಗ ಮಾತ್ರ ಹುದ್ದೆಗೆ ಅಷ್ಟು ಬೆಲೆ ಕಟ್ಟುವ ದಂಧೆ ಹುಟ್ಟುತ್ತದೆ. ಸಂವಿಧಾನದ 371(ಜೆ) ಕಲಂ ಈ ಭಾಗಕ್ಕೆ ಸಿಕ್ಕ ದೊಡ್ಡ ನ್ಯಾಯ. ಅದರಡಿ ಸ್ಥಳೀಯ ವೃಂದದ ಎ, ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಮೀಸಲಾಗಿದೆ. ಆ ಹಕ್ಕನ್ನು ಒಂದಿಂಚೂ ಬಿಟ್ಟುಕೊಡಬಾರದು. ಖಾಲಿ ಹುದ್ದೆಗಳನ್ನು ತುಂಬದೆ ಅದನ್ನು ಕಾಗದದ ಮೇಲೆ ಉಳಿಸುವುದೂ ಅನ್ಯಾಯವೇ. ಆದರೆ ಎಲ್ಲ ಹುದ್ದೆಗಳನ್ನು ನಾಳೆಯೇ ತುಂಬಿದರೂ ಪ್ರತಿ ವರ್ಷ ಕಾಲೇಜುಗಳಿಂದ ಹೊರಬೀಳುವವರಲ್ಲಿ ಬಹುಪಾಲು ಮಂದಿ ಹೊರಗೇ ಉಳಿಯುತ್ತಾರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಬರಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾಗುವ ಜಿಲ್ಲೆಗೆ ಯಾವ ಉದ್ಯಮಿ ಬರುತ್ತಾನೆ? ಕೌಶಲದ ಕೊರತೆಯನ್ನು ಹಗುರ ಮಾಡಿ ಹೇಳುವುದು ಆ ಮಕ್ಕಳಿಗೇ ಮಾಡುವ ದ್ರೋಹ ಅಲ್ಲವೇ? ಒಪ್ಪುತ್ತೇನೆ. ಓದಲು, ಬರೆಯಲು, ಲೆಕ್ಕ ಮಾಡಲು ಬಾರದ ಮಗುವಿಗೆ ಮುಂದೆ ಯಾವ ಯಂತ್ರವನ್ನೂ ಕಲಿಸಲು ಆಗುವುದಿಲ್ಲ, ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೆಸುವ ಪದ್ಧತಿಗೆ ಕೊನೆ ಹಾಡದೆ ಇದು ಸರಿಹೋಗುವುದೂ ಇಲ್ಲ. ಆದರೆ ಶಾಲೆಯ ಓದು ಬೇರೆ, ಮೂರು ತಿಂಗಳ ಕೌಶಲ ಕೋರ್ಸು ಬೇರೆ. ಮೊದಲನೆಯದಕ್ಕೆ ಪರ್ಯಾಯವಿಲ್ಲ, ಎರಡನೆಯದು ಕೆಲಸ ಕಾದಿದ್ದಾಗ ಮಾತ್ರ ಫಲ ಕೊಡುತ್ತದೆ. ಇವೆರಡನ್ನೂ ಕೌಶಲಾಭಿವೃದ್ಧಿ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಶಾಲೆಗೆ ಸಲ್ಲಬೇಕಾದ ಗಮನ ಕೋರ್ಸುಗಳ ಪಾಲಾಗಿದೆ. ಇನ್ನೂ ಒಂದು ಮಾತಿದೆ. ಅಪ್ಪ ಅವ್ವ ಗುಳೆ ಹೊರಟಾಗ ಮಗುವೂ ಜತೆಗೆ ಹೊರಡುತ್ತದೆ, ಇಲ್ಲವೇ ಅಜ್ಜಿಯ ಬಳಿ ಉಳಿದು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆ. ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಊರಿನಲ್ಲಿ ಕೆಲಸವಿಲ್ಲದ್ದರ ಪಾಲೂ ಇದೆ.

ಗುಳೆಯೇ ಪರಿಹಾರ, ಅದನ್ನೇಕೆ ಸಮಸ್ಯೆ ಎನ್ನುತ್ತೀರಿ ಎಂದು ಕೇಳುವ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಕೆಲಸ ಇಲ್ಲದ ಊರಿನಿಂದ ಕೆಲಸ ಇರುವ ಊರಿಗೆ ಜನ ಹೋಗುವುದು ಎಲ್ಲ ದೇಶಗಳಲ್ಲೂ ನಡೆದದ್ದೇ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುವವರನ್ನು ತಡೆಯಬೇಕೆಂದು ನಾನೂ ಹೇಳುವುದಿಲ್ಲ. ಅದು ಅವರ ಹಕ್ಕು. ಯಾರು ಯಾವ ಮೆಟ್ಟಿಲಿನ ಮೇಲೆ ಹೋಗಿ ನಿಲ್ಲುತ್ತಾರೆ ಎಂಬುದನ್ನು ಮಾತ್ರ ನೋಡಬೇಕು. ಕಲಬುರಗಿಯ ಎಂಜಿನಿಯರ್ ಬೆಂಗಳೂರಿಗೆ ಹೋದರೆ ಹತ್ತು ವರ್ಷದಲ್ಲಿ ಮೇಲೇರುತ್ತಾನೆ. ತಾಂಡಾದಿಂದ ಪುಣೆಯ ಕಟ್ಟಡಕ್ಕೆ ಹೋದವನು ಹತ್ತು ವರ್ಷದ ನಂತರವೂ ದಿನಗೂಲಿಯೇ, ಏಕೆಂದರೆ ಅವನ ಕಲಿಕೆಗೆ ಮುಕಾದಮನನ್ನು ಬಿಟ್ಟರೆ ಸಾಕ್ಷಿ ಹೇಳುವವರಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಮಂದಿ ಈ ಜಿಲ್ಲೆಗೆ ಮರಳಿದಾಗ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಅವರಲ್ಲಿ ಗಾರೆ, ಬಾರ್ ಬೆಂಡಿಂಗ್, ಟೈಲ್ಸ್ ಕೆಲಸ ಬಲ್ಲವರು ಕಡಿಮೆ ಇರಲಿಲ್ಲ. ಕೌಶಲ ಊರಿಗೆ ತಾನಾಗಿ ನಡೆದು ಬಂದಿತ್ತು. ಅದನ್ನು ಬಳಸುವ ಕೆಲಸ ಇಲ್ಲಿರಲಿಲ್ಲ, ಮಣ್ಣು ಅಗೆಯುವ ನರೇಗಾ ಮಾತ್ರ ಇತ್ತು. ರೈಲು ಮತ್ತೆ ಓಡಿದ ಕೂಡಲೇ ಅವರು ಹೊರಟರು.

ಕೌಶಲ ಇದ್ದೂ ಕೆಲಸ ಇಲ್ಲದ ಇದೇ ಕತೆ ಜಿಲ್ಲೆಯೊಳಗೂ ಇದೆ. ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ಅದು ಸ್ವತಂತ್ರ ತಾಲ್ಲೂಕಾಗಿದೆ. 2017ರ ಅಕ್ಟೋಬರ್‌ನಲ್ಲಿ ಪೂರ್ತಿಯಾದ ಬೀದರ್–ಕಲಬುರಗಿ ರೈಲು ಮಾರ್ಗ ಅಲ್ಲಿಂದ ಹಾದುಹೋಗುತ್ತದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, 2019ರಲ್ಲಿ ಅಂಥದ್ದೇ ಮಾನ್ಯತೆ ಕಲಬುರಗಿಯ ತೊಗರಿ ಬೇಳೆಗೂ ಸಿಕ್ಕಿತು. ಕೆಂಪು ಬಾಳೆ ಸುಲಭದ ಬೆಳೆಯಲ್ಲ. ನೆಟ್ಟ ಮೇಲೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುತ್ತದೆ, ಬೇರೆ ತಳಿಗಳಿಗಿಂತ ಹೆಚ್ಚು ನೀರು, ಗೊಬ್ಬರ, ಆರೈಕೆ ಬೇಡುತ್ತದೆ. ಅಲ್ಲಿಯ ರೈತನ ಕೌಶಲವನ್ನು ಯಾವ ಸಂಸ್ಥೆಯೂ ಕಲಿಸಿ ಕೊಡಲಿಲ್ಲ. ಆ ಕಣಿವೆಯ ಮಣ್ಣು, ಹಿರಿಯರ ಅನುಭವ ಸೇರಿ ಬಂದದ್ದು ಅದು. ಹೀಗಿದ್ದೂ ಅಲ್ಲಿಯ ಯುವಕ ತಿಂಗಳ ಸಂಬಳದ ಕೆಲಸಕ್ಕೆ ಕಲಬುರಗಿಯ ಬಸ್ಸನ್ನೋ ಹೈದರಾಬಾದಿನ ರೈಲನ್ನೋ ಹತ್ತುತ್ತಾನೆ. ಕಾರಣ ಸರಳ: ಸೂಚಿಕೆ ಒಂದು ಹೆಸರಿಗೆ ರಕ್ಷಣೆ ಕೊಡುತ್ತದೆಯೇ ಹೊರತು ಗೊನೆ ಕೊಯ್ದ ಮೇಲಿನ ಕೆಲಸಗಳನ್ನು ಹುಟ್ಟಿಸುವುದಿಲ್ಲ. ಗೊನೆಯನ್ನು ಚಿಪ್ಪುಗಳಾಗಿ ಬಿಡಿಸಿ ತೊಳೆದು ಗ್ರೇಡ್ ಮಾಡುವುದು, ಹಣ್ಣು ಮಾಗಿಸುವ ಕೋಣೆ ನಡೆಸುವುದು, ಪೆಟ್ಟಿಗೆಗೆ ತುಂಬಿ ದೂರದ ಅಂಗಡಿಗೆ ತಲುಪಿಸುವುದು, ಗುಣಮಟ್ಟ ಪರೀಕ್ಷಿಸಿ ದಾಖಲೆ ಇಡುವುದು, ಇವೆಲ್ಲ ಹತ್ತನೆಯ ತರಗತಿ, ಪಿಯುಸಿ, ಡಿಪ್ಲೊಮಾ ಓದಿದವರು ಕಲಿತು ಮಾಡಬಹುದಾದ ಕೆಲಸಗಳು. ಆಟರ್ ಹೇಳಿದ ಆ ನಡುವಿನ ಮೆಟ್ಟಿಲು ಇದೇ. ಇದನ್ನು ಕಮಲಾಪುರದಲ್ಲೇ ಕಟ್ಟಬೇಕು, ಏಕೆಂದರೆ ಬೆಳೆ ಅಲ್ಲಿದೆ.

ನಡುವಿನ ಮೆಟ್ಟಿಲು ಇಲ್ಲಿ ಕಟ್ಟಲು ಆಗುವುದಿಲ್ಲ ಎನ್ನುವವರಿಗೆ ನಗರದ ಆಸ್ಪತ್ರೆಗಳನ್ನು ತೋರಿಸಬಹುದು. 1963ರ ಎಂ.ಆರ್. ಮೆಡಿಕಲ್ ಕಾಲೇಜಿನಿಂದ ಹಿಡಿದು ಜಿಮ್ಸ್, ಇಎಸ್‌ಐ ವೈದ್ಯಕೀಯ ಕಾಲೇಜು, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯವರೆಗೆ ಇಲ್ಲಿ ಸಾರ್ವಜನಿಕ ಹಣ, ಶಿಕ್ಷಣ ಸಂಸ್ಥೆ, ರೋಗಿಗಳ ಅಗತ್ಯ ಮೂರೂ ಒಂದೇ ಊರಿನಲ್ಲಿ ಕೂಡಿದವು. ಯಾದಗಿರಿ, ಆಳಂದ, ಕಮಲಾಪುರದ ರೋಗಿಗಳು ಇಲ್ಲಿಗೆ ಬರುತ್ತಾರೆ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಡಯಾಲಿಸಿಸ್ ಯಂತ್ರ ನಡೆಸುವವರ ಕೆಲಸಗಳು ಹುಟ್ಟಿದವು, ಅವುಗಳ ಬೆನ್ನಿಗೆ ಕೋರ್ಸುಗಳು ಬಂದವು, ಹಳ್ಳಿಯ ಹೆಣ್ಣುಮಕ್ಕಳು ಅವುಗಳಿಗೆ ಸೇರಿದರು. ಕೆಲಸ ಮೊದಲು, ಕೌಶಲ ಅದರ ಬೆನ್ನಿಗೆ: ಈ ಕ್ರಮ ಕಲಬುರಗಿಯಲ್ಲೇ ಒಮ್ಮೆ ಗೆದ್ದಿದೆ. ಅಲ್ಲೂ ಒಂದು ಗಾಯವಿದೆ. ಇಂಥ ಕೆಲಸಗಳು ಹೊರಗುತ್ತಿಗೆಯ ಕೈಗೆ ಹೋದಾಗ ಕಲಿತ ಹುಡುಗಿಗೂ ಕಲಿಯದವರಿಗೂ ಸಂಬಳದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ, ಏಜೆನ್ಸಿ ಬದಲಾದರೆ ಹತ್ತು ವರ್ಷದ ಅನುಭವವೂ ಶೂನ್ಯದಿಂದ ಶುರು. ಕೌಶಲಕ್ಕೆ ಬೆಲೆ ಕೊಡಿ ಎಂದು ಖಾಸಗಿಯವರಿಗೆ ಹೇಳುವ ಮೊದಲು ಸರ್ಕಾರ ತನ್ನ ಆಸ್ಪತ್ರೆಯಲ್ಲಿ ಅದನ್ನು ಕೊಡಬೇಕು. 2000ದ ನಂತರದ ದಶಕದಲ್ಲಿ ಬ್ರೆಜಿಲ್‌ನಲ್ಲಿ ಆದಾಯದ ಅಸಮಾನತೆ ಇಳಿದದ್ದಕ್ಕೆ ಶಾಲೆಗಳ ವಿಸ್ತರಣೆಯ ಜತೆಗೆ ಕನಿಷ್ಠ ವೇತನದ ಏರಿಕೆಯೂ ದೊಡ್ಡ ಕಾರಣವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾರ್ಖಾನೆಗಳ ಕಾಲವೇ ಮುಗಿಯುತ್ತಿದೆ, ತಡವಾಗಿ ಬಂದ ಬಡ ದೇಶಗಳಿಗೆ ಕೊರಿಯಾದ ದಾರಿ ಈಗ ಸಿಗುವುದಿಲ್ಲ ಎಂಬ ವಾದವೂ ಇದೆ. ಅರ್ಥಶಾಸ್ತ್ರಜ್ಞ ಡ್ಯಾನಿ ರೋಡ್ರಿಕ್ ಇದನ್ನು ಅವಧಿಗೆ ಮೊದಲೇ ಬರುವ ಕೈಗಾರಿಕಾ ಕುಸಿತ ಎಂದು ಕರೆದರು. ಇದನ್ನು ತಳ್ಳಿಹಾಕಲು ಆಗುವುದಿಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳೇ ಉದಾಹರಣೆ: ಸುಣ್ಣದ ಕಲ್ಲು ನಮ್ಮದು, ದೂಳು ನಮ್ಮದು, ಬಂಡವಾಳ ಅಪಾರ, ಬೇಕಾದ ಕೈಗಳು ಮಾತ್ರ ಕಡಿಮೆ. ಅದಕ್ಕೇ ಯಾವುದೋ ಒಂದು ದೊಡ್ಡ ಕಾರ್ಖಾನೆಗಾಗಿ ಕಾಯುತ್ತ ಕೂರುವುದಕ್ಕಿಂತ, ಊರಿಗೆ ಅಂಟಿಕೊಂಡ ನೂರಾರು ಮಧ್ಯಮ ಗಾತ್ರದ ಉದ್ದಿಮೆಗಳ ಬೆಳವಣಿಗೆ ಮುಖ್ಯ ಎನ್ನುತ್ತೇನೆ. ಪಕ್ಕದ ತಮಿಳುನಾಡಿನಲ್ಲಿ ತಿರುಪ್ಪೂರು ಹೆಣಿಗೆ ಬಟ್ಟೆಯಿಂದ, ಶಿವಕಾಶಿ ಮುದ್ರಣ ಮತ್ತು ಪಟಾಕಿಯಿಂದ, ಕೊಯಮತ್ತೂರು ಪಂಪು ಮತ್ತು ಯಂತ್ರಗಳಿಂದ ಬೆಳೆದವು. ಎಲ್ಲರೂ ಚೆನ್ನೈಗೇ ಓಡಬೇಕಾಗಲಿಲ್ಲ. ಆ ಊರುಗಳ ಸಂಬಳ, ಸುರಕ್ಷತೆಯ ಬಗ್ಗೆ ದೂರುಗಳಿವೆ, ಅವು ನ್ಯಾಯವಾದವೇ. ಆದರೂ ಅಲ್ಲಿ ಕೆಲಸ ಕಲಿತವನು ಅದೇ ಊರಿನಲ್ಲಿ ತನ್ನದೇ ಸಣ್ಣ ಘಟಕ ಹಾಕಿದ ನಿದರ್ಶನಗಳು ಸಾಕಷ್ಟಿವೆ. ಕಲಬುರಗಿಗೆ ಅಂಥ ಸಹಜ ಉದ್ಯಮ ತೊಗರಿ. ಅದನ್ನು ಕಾಯುವ ಬದಲು 2021ರಿಂದ ತೊಗರಿ ಆಮದನ್ನು ಮುಕ್ತವಾಗಿಟ್ಟು, ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕದ ಕಾಳು ಬಂದರುಗಳಲ್ಲಿ ಇಳಿಯುವಂತೆ ಮಾಡಲಾಯಿತು. ಬಂದರಿಗೆ ಹತ್ತಿರದ ಮಿಲ್ಲಿಗೆ ಅದರಿಂದ ಅನುಕೂಲ, ಹೊಲಕ್ಕೆ ಹತ್ತಿರದ ಮಿಲ್ಲಿಗೆ ನಷ್ಟ. ಇಲ್ಲಿ ಬಾಗಿಲು ಹಾಕಿದ ಪ್ರತಿ ದಾಲ್ ಮಿಲ್ ಒಂದು ಕಲಿಕೆಯ ಜಾಗವನ್ನೂ ಮುಚ್ಚಿತು. ಗ್ರಾಹಕನಿಗೆ ಬೇಳೆ ಅಗ್ಗವಾಗಬೇಕು ಎಂಬುದು ಸರಿ. ಆ ಅಗ್ಗದ ಬೆಲೆಯ ಭಾರವನ್ನು ಒಂದೇ ಬಡ ಜಿಲ್ಲೆ ಹೊರಬೇಕೆಂಬುದು ಸರಿಯಲ್ಲ.

ಹಣ ಇಲ್ಲ ಎಂದು ಹೇಳಲು ಈಗ ಬರುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳು ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸಿವೆ. ಅದರ ದೊಡ್ಡ ಪಾಲು ರಸ್ತೆ, ಕಟ್ಟಡಗಳಿಗೆ ಹೋಗುತ್ತದೆ, ಅವೂ ಬೇಕು. ತರಬೇತಿಗೆಂದು ತೆಗೆದಿಡುವ ಹಣದ ದಾರಿಯನ್ನು ಮಾತ್ರ ಬದಲಿಸಬೇಕು. ಜರ್ಮನಿಯಲ್ಲಿ ಹದಿಹರೆಯದವರು ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿ ಸಂಬಳ ಪಡೆದು ದುಡಿಯುತ್ತ, ಉಳಿದ ದಿನ ಶಾಲೆಯಲ್ಲಿ ಕಲಿಯುತ್ತಾರೆ. ನಮ್ಮಲ್ಲೂ 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ನಾಲ್ಕರಿಂದ 29 ಮಂದಿ ಇರುವ ಸಂಸ್ಥೆ ಬೇಕೆಂದರೆ ತೆಗೆದುಕೊಳ್ಳಬಹುದು. ದಾಲ್ ಮಿಲ್, ಕಮಲಾಪುರದಲ್ಲಿ ಕಟ್ಟಬೇಕಾದ ಬಾಳೆ ಪ್ಯಾಕಿಂಗ್ ಘಟಕ, ಗ್ಯಾರೇಜು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ ಬಹುಮಟ್ಟಿಗೆ ಈ ಎರಡನೆಯ ಗುಂಪಿಗೇ ಸೇರುತ್ತವೆ. ಅವುಗಳಲ್ಲಿ ಕಲಿಯುವ ಹುಡುಗ, ಹುಡುಗಿಯ ಒಂದು ವರ್ಷದ ಸಂಬಳದ ದೊಡ್ಡ ಪಾಲನ್ನು ಮಂಡಳಿ ಕೊಡಲಿ. ಎರಡನೆಯ ವರ್ಷವೂ ಅವರನ್ನು ಹೆಚ್ಚಿನ ಸಂಬಳಕ್ಕೆ ಉಳಿಸಿಕೊಂಡ ಮಾಲೀಕನಿಗೆ ಮಾತ್ರ ಮುಂದಿನ ಕಂತು ಹೋಗಲಿ. ದುರುಪಯೋಗ ಆಗಬಹುದು, ಸುಳ್ಳು ಹೆಸರು ಬರೆಯಬಹುದು ಎಂದರೆ, ತರಬೇತಿ ಕೇಂದ್ರದ ಹಾಜರಿ ಪುಸ್ತಕಕ್ಕಿಂತ ಪಿಎಫ್ ಖಾತೆ ಮತ್ತು ಬ್ಯಾಂಕಿಗೆ ಬಿದ್ದ ಸಂಬಳವನ್ನು ಪರಿಶೀಲಿಸುವುದು ಸುಲಭ. ತರಬೇತಿ ಮುಗಿಸಿದವರ ಸಂಖ್ಯೆಯನ್ನು ಪ್ರಕಟಿಸುವ ಬದಲು, ಮುಗಿಸಿ ಒಂದು ವರ್ಷದ ನಂತರ ಎಷ್ಟು ಮಂದಿ ಕೆಲಸದಲ್ಲಿದ್ದಾರೆ, ಯಾವ ತಾಲ್ಲೂಕಿನಲ್ಲಿ, ಎಷ್ಟು ಸಂಬಳಕ್ಕೆ ಎಂಬ ಪಟ್ಟಿಯನ್ನು ಮಂಡಳಿ ವರ್ಷಕ್ಕೊಮ್ಮೆ ಹೊರತರಲಿ. ಕಲಬುರಗಿ ನಗರದ ಸಾಲು ಒಂದು, ಕಮಲಾಪುರದ ಸಾಲು ಇನ್ನೊಂದು ಇರಲಿ. ಮುಂದಿನ ವರ್ಷದ ಹಣ ಆ ಪಟ್ಟಿ ನೋಡಿ ಹಂಚಿಕೆಯಾಗಲಿ.